ಅಪ್ಪನ ಟೋಕನ್, ಅಕ್ಕನ ರಕ್ತದ ಗುಂಪು

"ಮೇಡಂ, ನಿಮ್ ಕಂಪ್ಯೂಟರು ತಂಗಿಗೆ ಅಕ್ಕನ ರಕ್ತ ಬರ್ದುಬಿಟ್ಟಿದೆ. ಬೇಗ ಬನ್ನಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಈ ಫೋನು ಬಂತು. ಮಾತಾಡಿದವಳು ಭದ್ರಾವತಿ ಓಲ್ಡ್ ಟೌನಿನ ಒಂದು ಖಾಸಗಿ ಲ್ಯಾಬಿನ ಟೆಕ್ನಿಷಿಯನ್. ರಕ್ತ, ಮೂತ್ರ ಪರೀಕ್ಷೆ ಮಾಡಿ ವರದಿ ಕೊಡುವ ಜಾಗ ಅದು. ಆ ವರದಿ ಮುದ್ರಿಸುವ ಸಾಫ್ಟ್‌ವೇರ್ ಬರೆದವಳು ನಾನು. ಯಾವ ಕಂಪನಿಯ ನೌಕರಿಯೂ ನನಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಗುತ್ತಿಗೆಯ ಮೇಲೆ ಪ್ರೋಗ್ರಾಂ ಬರೆದುಕೊಡುತ್ತಿದ್ದೆ.

"ನನ್ನ ಪ್ರೋಗ್ರಾಂ ಹಾಗೆಲ್ಲ ಮಾಡಲ್ಲ. ನೀವೇ ಏನೋ ತಪ್ಪು ಒತ್ತಿರ್ತೀರಿ," ಎಂದು ರೇಗಿದೆ. ನನಗೆ ಕೋಪ ಸ್ವಲ್ಪ ಬೇಗ ಬರುತ್ತದೆ.

"ಒತ್ತೋಕೆ ನೀವು ಬಿಟ್ರೆ ತಾನೆ? ಆ ಜಾಗಕ್ಕೆ ಬೀಗ ಹಾಕಿಟ್ಟಿದೀರಲ್ಲ ಮಾರಾಯ್ತಿ," ಎಂದಳು ಅವಳು.

ಬೀಗ ಹಾಕಿದ್ದು ನಿಜ. ಹಾಕಿದ್ದಕ್ಕೆ ಬೀಗಿದ್ದೂ ನಿಜ.

ಬಸ್ಸಿನಲ್ಲಿ ಕೂತು ಯೋಚಿಸುತ್ತಾ ಹೋದೆ. ಭದ್ರಾವತಿಯ ಕಾರ್ಖಾನೆಯ ಮನೆಗಳಲ್ಲಿ ಯಾರನ್ನೂ ಬರೀ ಹೆಸರಿನಿಂದ ಗುರುತಿಸುವುದಿಲ್ಲ. "ಟೋಕನ್ ಎಷ್ಟು?" ಎಂದೇ ಕೇಳುತ್ತಾರೆ. ಯಜಮಾನನಿಗೆ ಕಾರ್ಖಾನೆ ಕೊಟ್ಟ ನಂಬರು ಅದು. ಹೆಂಡತಿ, ಮಕ್ಕಳು, ಅತ್ತೆ ಎಲ್ಲರೂ ಅಂಗಡಿಯಲ್ಲಿ, ಕ್ಲಿನಿಕ್ಕಿನಲ್ಲಿ ಅದನ್ನೇ ಹೇಳುತ್ತಾರೆ. ಯಜಮಾನ ನಿವೃತ್ತನಾದರೂ ನಂಬರು ಮನೆ ಬಿಟ್ಟು ಹೋಗುವುದಿಲ್ಲ. ಲ್ಯಾಬಿನ ಹಳೆಯ ಪುಸ್ತಕಗಳೂ ಟೋಕನ್ ಪ್ರಕಾರವೇ ಇದ್ದವು. ನಾನೂ ಅದನ್ನೇ ಹಿಡಿದೆ. ಟೋಕನ್ ನಂಬರು, ಅದರ ಪಕ್ಕದಲ್ಲಿ ಸಂಬಂಧ: ಸ್ವತಃ, ಹೆಂಡತಿ, ಮಗ, ಮಗಳು, ತಾಯಿ. ಇವೆರಡನ್ನು ಕೊಟ್ಟರೆ ಪ್ರೋಗ್ರಾಂ ಹಳೆಯ ದಾಖಲೆ ಹುಡುಕಿ ರಕ್ತದ ಗುಂಪನ್ನು ತಾನೇ ತುಂಬಿಬಿಡುತ್ತಿತ್ತು. ರಕ್ತದ ಗುಂಪು ಜನ್ಮದಲ್ಲಿ ಬದಲಾಗುವುದಿಲ್ಲವಲ್ಲ, ಮತ್ತೆ ಮತ್ತೆ ಟೈಪ್ ಮಾಡಿ ಯಾಕೆ ತಪ್ಪು ಮಾಡಬೇಕು ಎಂಬುದು ನನ್ನ ಜಾಣತನ. ತುಂಬಿದ ಮೇಲೆ ಯಾರೂ ತಿದ್ದದ ಹಾಗೆ ಬೀಗ.

ಹೆಸರನ್ನು ಬೇಕೆಂದೇ ಹೋಲಿಸಿರಲಿಲ್ಲ. ಒಂದು ಸಲ ಲಕ್ಷ್ಮಿ ಎಂದು ಬರೆಸಿದವರು ಇನ್ನೊಂದು ಸಲ ಲಕ್ಷ್ಮಮ್ಮ ಎನ್ನುತ್ತಿದ್ದರು, ಹಳೆಯ ದಾಖಲೆ ಸಿಗುತ್ತಲೇ ಇರಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ? ಮದುವೆಯಾದ ಮೇಲೆ ಗಂಡನ ಮನೆಯ ಲೆಕ್ಕಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಹೆರಿಗೆಗೆ ತವರಿಗೆ ಬರುತ್ತಾರೆ, ಬಂದಾಗ ಅಪ್ಪನ ಟೋಕನ್ನನ್ನೇ ಹೇಳುತ್ತಾರೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ನಾನೇ ತವರಿಗೆ ಬಂದು ಹೆತ್ತವಳು! ಬಸ್ಸಿನಲ್ಲಿ ನನಗೆ ನಾನೇ ಬೈದುಕೊಂಡದ್ದು ಪಕ್ಕದ ಹೆಂಗಸಿಗೆ ಕೇಳಿಸಿ ಅವರು ಕಿಟಕಿಯ ಕಡೆ ಸರಿದು ಕೂತರು.

ಲ್ಯಾಬಿನಲ್ಲಿ ಟೆಕ್ನಿಷಿಯನ್ ಎರಡು ಕಾಗದ ಹಿಡಿದು ನಿಂತಿದ್ದಳು. ಒಬ್ಬ ಹೆಂಗಸು ತನ್ನ ಹಳೆಯ ರಕ್ತದಾನದ ಕಾರ್ಡನ್ನೂ ನಮ್ಮ ವರದಿಯನ್ನೂ ತಂದು, ಎರಡರಲ್ಲಿ ಬೇರೆ ಬೇರೆ ಗುಂಪಿದೆಯಲ್ಲ ಎಂದು ಕೇಳಿದ್ದಳಂತೆ. ಅವಳ ಅಕ್ಕ ವರ್ಷದ ಹಿಂದೆ ಇದೇ ಲ್ಯಾಬಿಗೆ ಬಂದಿದ್ದಳು. ಪ್ರೋಗ್ರಾಂ ಅಕ್ಕನ ಗುಂಪನ್ನು ಎತ್ತಿ ತಂಗಿಯ ಹಾಳೆಗೆ ಹಾಕಿತ್ತು.

ಒಂದು ಪುಣ್ಯ. ಟೆಕ್ನಿಷಿಯನ್ ಕಂಪ್ಯೂಟರನ್ನು ಎಂದೂ ಪೂರ್ತಿ ನಂಬಿದವಳಲ್ಲ. ಪ್ರತಿಯೊಬ್ಬರ ರಕ್ತವನ್ನೂ ಗಾಜಿನ ಮೇಲೆ ಹೊಸದಾಗಿ ಪರೀಕ್ಷಿಸಿ, ಗುಂಪನ್ನು ಕೈಯಲ್ಲಿ ರಿಜಿಸ್ಟರಿಗೆ ಬರೆಯುತ್ತಿದ್ದಳು. ಅವಳ ರಿಜಿಸ್ಟರು ಸರಿ, ನನ್ನ ವರದಿ ತಪ್ಪು. ಮುದ್ರಿಸಿದ ಹಾಳೆಗಳು ಕಟ್ಟುಗಟ್ಟಲೆ ಮಾಲೀಕರ ಮೇಜಿಗೆ ಹೋಗುತ್ತಿದ್ದವು, ಅವರು ನೋಡದೆ ಸಹಿ ಹಾಕುತ್ತಿದ್ದರು.

ಕೆಲಸ ಶುರು ಮಾಡಿದೆ. ಮೊದಲು ಡೇಟಾಬೇಸಿನ ನಕಲು ತೆಗೆದು ಫ್ಲಾಪಿಗೆ ಹಾಕಿದೆ. ಆಮೇಲೆ, ಒಂದೇ ಟೋಕನ್, ಒಂದೇ ಸಂಬಂಧ, ಆದರೆ ಬೇರೆ ಬೇರೆ ಹೆಸರು ಇರುವ ದಾಖಲೆಗಳನ್ನೆಲ್ಲ ಹೊರಗೆಳೆದೆ. ಎರಡು ಪುಟದ ಪಟ್ಟಿ ಬಂತು. ಬಹಳಷ್ಟು ಲಕ್ಷ್ಮಿ-ಲಕ್ಷ್ಮಮ್ಮ ಥರದವು. ಒಂದೊಂದನ್ನೂ ನಾನು ಓದುವುದು, ಟೆಕ್ನಿಷಿಯನ್ ರಿಜಿಸ್ಟರಿನಲ್ಲಿ ಹುಡುಕಿ ಗುಂಪು ಹೇಳುವುದು. ಮಧ್ಯಾಹ್ನದ ಊಟವನ್ನು ಅಲ್ಲಿಯೇ ಎರಡು ಬನ್ನಿನಲ್ಲಿ ಮುಗಿಸಿದೆವು. ಮೂರು ಗಂಟೆಗೆ ಪಟ್ಟಿ ಮುಗಿಯಿತು. ಬೆಳಗಿನವಳೂ ಸೇರಿ ಐದು ವರದಿ ತಪ್ಪು. ನಾಲ್ಕರಲ್ಲಿ ಎ, ಬಿ, ಒ ಮಾತ್ರ ಅದಲುಬದಲಾಗಿತ್ತು, ಪಾಸಿಟಿವ್-ನೆಗೆಟಿವ್ ಸರಿಯಿತ್ತು. ರಕ್ತ ಏರಿಸುವ ಮುಂಚೆ ಆಸ್ಪತ್ರೆಯವರು ಹೇಗೂ ಮತ್ತೆ ಹೊಂದಿಸಿ ನೋಡುತ್ತಾರೆ, ತಿದ್ದಲು ಸಮಯವಿತ್ತು.

ಐದನೆಯದನ್ನು ನೋಡಿ ಟೆಕ್ನಿಷಿಯನ್ ಪೆನ್ನು ಕೆಳಗಿಟ್ಟಳು. ಜನ್ನಾಪುರದ ಹುಡುಗಿ, ಚೊಚ್ಚಲ ಬಸುರಿ. ರಿಜಿಸ್ಟರಿನಲ್ಲಿ ಒ ನೆಗೆಟಿವ್. ನಮ್ಮ ವರದಿಯಲ್ಲಿ ಬಿ ಪಾಸಿಟಿವ್. ವರದಿ ಕೊಟ್ಟು ಹನ್ನೊಂದು ದಿನವಾಗಿತ್ತು.

"ಇವ್ಳಿಗೆ ದಿನ ತುಂಬಿತ್ತು ಮೇಡಂ. ನಡೆಯೋಕೂ ಕಷ್ಟಪಡ್ತಿದ್ಲು."

"ನೆಗೆಟಿವ್ ಆದ್ರೆ ಏನಾಗುತ್ತೆ?"

ಅವಳು ವಿವರಿಸಿದಳು. ತಾಯಿ ನೆಗೆಟಿವ್ ಆಗಿ ಮಗು ಪಾಸಿಟಿವ್ ಆದರೆ, ಹೆರಿಗೆಯಾಗಿ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕು. ಕೊಡದಿದ್ದರೆ ಈ ಮಗುವಿಗೆ ಏನೂ ಆಗುವುದಿಲ್ಲ. ಆದರೆ ತಾಯಿಯ ಮೈಯಲ್ಲಿ ಪಾಸಿಟಿವ್ ರಕ್ತದ ವಿರುದ್ಧ ಪ್ರತಿಕಾಯ ಎಂಬುದು ಹುಟ್ಟಿಕೊಳ್ಳಬಹುದು. ಅದು ಮುಂದಿನ ಮಗುವನ್ನು ಹೊಟ್ಟೆಯಲ್ಲೇ ಕೊಲ್ಲಬಹುದು. ವರದಿಯಲ್ಲಿ ಪಾಸಿಟಿವ್ ಎಂದಿದ್ದರೆ ಇಂಜೆಕ್ಷನ್ನಿನ ಮಾತನ್ನೇ ಯಾರೂ ಎತ್ತುವುದಿಲ್ಲ.

ಮಾಲೀಕರಿಗೆ ವಿಷಯ ಹೇಳಿದೆವು. ಅವರ ಮುಖ ಕಪ್ಪಿಟ್ಟಿತು. "ಈಗ ಊರೆಲ್ಲ ಡಂಗುರ ಹೊಡೆಯೋದು ಬೇಡ. ನಾಳೆಯಿಂದ ಸರಿ ಮಾಡಿ. ಆಸ್ಪತ್ರೆಯವರು ಮತ್ತೆ ನೋಡೇ ನೋಡ್ತಾರೆ. ಅಗ್ರಿಮೆಂಟಲ್ಲಿ ಏನಿದೆ ನೆನಪಿದೆ ತಾನೆ ಮೇಡಂ?"

ನೆನಪಿತ್ತು. 'ಸಾಫ್ಟ್‌ವೇರಿನ ಲೋಪದಿಂದ ಯಾರಿಗೆ ಏನೇ ನಷ್ಟವಾದರೂ ಅದಕ್ಕೆ ಸಾಫ್ಟ್‌ವೇರ್ ಬರೆದವರೇ ಪೂರ್ಣ ಹೊಣೆ.' ಅವರ ವಕೀಲರು ಸೇರಿಸಿದ ಸಾಲು. ಮಿತಿಯಿಲ್ಲದ ಹೊಣೆ. ಕೇಸು ಬಿದ್ದರೆ ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ವಿದ್ಯಾನಗರದ ಮನೆಯವರೆಗೂ ಬರಬಹುದಿತ್ತು. ಆ ಸಾಲಿಗೆ ಸಹಿ ಹಾಕಿದ ಮೇಲೆಯೇ ನಾನು ವೃತ್ತಿ ಹೊಣೆಗಾರಿಕೆಯ ವಿಮೆ ಹುಡುಕಿಕೊಂಡು ಶಿವಮೊಗ್ಗದ ಒಬ್ಬ ಏಜೆಂಟರ ಹತ್ತಿರ ಹೋಗಿದ್ದು. ಅವರು ಬಿದ್ದು ಬಿದ್ದು ನಕ್ಕಿದ್ದರು. "ಲಾರಿಗೆ ಮಾಡ್ಸಿದೀನಿ, ಅಂಗಡಿಗೆ ಮಾಡ್ಸಿದೀನಿ, ಹಸುಗೂ ಮಾಡ್ಸಿದೀನಿ. ಕೀಬೋರ್ಡ್ ಕುಟ್ಟೋರಿಗೆ ಏನಮ್ಮಾ ಅಪಾಯ? ಬೆರಳು ನೋಯುತ್ತಾ?" ಡಾಕ್ಟರಿಗೆ, ಆಡಿಟರಿಗೆ, ಇಂಜಿನಿಯರಿಗೆ ಫಾರಂ ಇತ್ತು, ನನ್ನಂಥವರಿಗೆ ಇರಲಿಲ್ಲ. ನಾಲ್ಕು ಸಲ ಅವರನ್ನು ಕಚೇರಿಗೆ ಓಡಿಸಿ, ಕನ್ಸಲ್ಟೆಂಟ್ ಎಂಬ ಹೆಸರಿನಲ್ಲಿ ಪಾಲಿಸಿ ಮಾಡಿಸಿಕೊಂಡಿದ್ದೆ.

ಲ್ಯಾಬಿನ ಫೋನಿನಿಂದಲೇ ಏಜೆಂಟರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ.

"ಅಮ್ಮಾ, ಬಾಯಿ ಮುಚ್ಕೊಂಡು ಕೂತ್ಕೋ. ಯಾರ ಹತ್ರಾನೂ ತಪ್ಪು ನಂದು ಅನ್ಬೇಡ. ಅಂದ್ಯೋ, ಪಾಲಿಸಿ ಹೋಯ್ತು. ಕಾಗದದಲ್ಲಿ ಬರ್ದಿದೆ ನೋಡು."

ಪಾಲಿಸಿಯ ಜೆರಾಕ್ಸ್ ನನ್ನ ಚೀಲದಲ್ಲೇ ಇತ್ತು. ಕೂತು ಓದಿದೆ. ಏಜೆಂಟರು ಹೇಳಿದ್ದು ಸರಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಪಾಲಿಸಿದಾರರು ಯಾವ ಹೊಣೆಯನ್ನೂ ಒಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು. ಆದರೆ ಅದರ ಮುಂದಿನ ಪುಟದಲ್ಲಿ ಇನ್ನೊಂದು ಷರತ್ತಿತ್ತು: ಆಗಬಹುದಾದ ನಷ್ಟವನ್ನು ತಡೆಯಲು ಪಾಲಿಸಿದಾರರು ಸಾಧ್ಯವಿರುವ ಕ್ರಮವನ್ನೆಲ್ಲ ತೆಗೆದುಕೊಳ್ಳತಕ್ಕದ್ದು. ನಾನು ಮತ್ತೆ ಫೋನು ಮಾಡಿದೆ.

"ತಪ್ಪು ಯಾರದು ಅಂತ ಹೇಳಲ್ಲ. ಹಳೇ ವರದಿಯಲ್ಲಿ ಗುಂಪು ಬೇರೆ ಬಂದಿದೆ, ಸರಿಯಾದ್ದು ಇದು ಅಂತ ಕೊಡ್ತೀನಿ. ಅದು ನಡೆದ ವಿಷಯ ಹೇಳಿದ ಹಾಗೆ, ಹೊಣೆ ಒಪ್ಕೊಂಡ ಹಾಗಲ್ಲ."

"ನೀನು ವಕೀಲಿಕೆ ಓದ್ಬೇಕಿತ್ತು ಕಣಮ್ಮಾ. ಆಗ್ಲಿ, ಅಷ್ಟೇ ಹೇಳು. ಒಂದು ಅಕ್ಷರ ಜಾಸ್ತಿ ಬೇಡ."

ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಬೀಗ ತೆಗೆದು ಐದೂ ವರದಿಗಳನ್ನು ಹೊಸದಾಗಿ ಮುದ್ರಿಸಿದೆ. ಮಾಲೀಕರು ಸಹಿ ಹಾಕಲು ಒಪ್ಪಲಿಲ್ಲ.

"ಸರ್, ನನ್ನ ಪಾಲಿಸಿ ಕಾಯೋದು ನನ್ನನ್ನ. ನಿಮ್ಮನ್ನಲ್ಲ," ಎಂದೆ. "ಹಳೇ ಹಾಳೆ ಕೆಳಗೆ ನನ್ನ ಹೆಸರಿಲ್ಲ, ನಿಮ್ಮ ಸಹಿ ಇದೆ. ಗೊತ್ತಾದ ದಿನವೇ ತಿಳಿಸಿದ್ರು ಅಂತ ಆಗ್ಬೇಕೋ, ಗೊತ್ತಿದ್ದೂ ಸುಮ್ಮನಿದ್ರು ಅಂತ ಆಗ್ಬೇಕೋ, ನೀವೇ ಹೇಳಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಐದಕ್ಕೂ ಸಹಿ ಹಾಕಿ ಸೀಲು ಒತ್ತಿದರು. ಮೂರು ಮನೆ ಓಲ್ಡ್ ಟೌನಿನಲ್ಲೇ ಇದ್ದವು, ಟೆಕ್ನಿಷಿಯನ್ ಆ ವರದಿಗಳನ್ನು ತೆಗೆದುಕೊಂಡು ಹೊರಟಳು. ಬೆಳಗಿನ ಹೆಂಗಸು ತಾನೇ ಬರುತ್ತೇನೆಂದಿದ್ದಳು. ಜನ್ನಾಪುರಕ್ಕೆ ನಾನು ಆಟೋ ಹಿಡಿದೆ.

ಮನೆ ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಅಂಗಡಿಯಲ್ಲಿ ಟೋಕನ್ ನಂಬರು ಹೇಳಿದೆ, ತೋರಿಸಿದರು. ಹುಡುಗಿಯ ತಂದೆ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕೈಯಲ್ಲಿ ಫ್ಲಾಸ್ಕು, ಬಟ್ಟೆಯ ಗಂಟು. ಕಾರ್ಖಾನೆಯಲ್ಲಿ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು.

"ಮಗಳಿಗೆ ಹೆರಿಗೆ ಆಯ್ತಮ್ಮ. ಶನಿವಾರ ಸಂಜೆ ಏಳಕ್ಕೆ, ಶಿವಮೊಗ್ಗದಲ್ಲಿ. ಗಂಡು. ನಾಳೆ ಬೆಳಿಗ್ಗೆ ಮನೆಗೆ ಕಳಿಸ್ತಾರೆ. ನೀವ್ಯಾರು?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸೋಮವಾರ ಸಂಜೆ ಐದು. ನಲವತ್ತಾರು ಗಂಟೆ ಕಳೆದಿತ್ತು. ಹೊಸ ವರದಿ ಅವರ ಕೈಗಿಟ್ಟು, ಆಟೋದಲ್ಲಿ ಬಾಯಿಪಾಠ ಮಾಡಿದ್ದಂತೆ ಹೇಳಿದೆ: "ಲ್ಯಾಬಿನಿಂದ ಬಂದಿದೀನಿ. ಹಳೆಯ ವರದಿಯಲ್ಲಿ ರಕ್ತದ ಗುಂಪಿನಲ್ಲಿ ವ್ಯತ್ಯಾಸ ಆಗಿದೆ. ಸರಿಯಾದ್ದು ಇದು. ಇದನ್ನ ಈಗ್ಲೇ ಡಾಕ್ಟರಿಗೆ ತೋರಿಸ್ಬೇಕು. ನಿಮ್ಮ ಮಗಳಿಗೆ ಒಂದು ಇಂಜೆಕ್ಷನ್ ಬೇಕಾಗ್ಬಹುದು."

ಅವರು ಫ್ಲಾಸ್ಕನ್ನು ಜಗಲಿಯ ಮೇಲಿಟ್ಟು ಅಂಗಿಯ ಜೇಬಿನಿಂದ ಮಡಚಿದ ಹಳೆಯ ವರದಿಯನ್ನು ತೆಗೆದರು. ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಎರಡಕ್ಕೂ ಅದೇ ಸೀಲು. ಅದೇ ಸಹಿ. ಇದೇ ಸರಿ ಅಂತ ನಾನು ಹೆಂಗೆ ನಂಬ್ಲಿ? ನಾಳೆ ಇನ್ನೊಬ್ರು ಬಂದು ಇದೂ ವ್ಯತ್ಯಾಸ ಆಗಿದೆ ಅಂತಾರೆ."

"ಇಲ್ಲ ಯಜಮಾನ್ರೇ, ಇದು ರಿಜಿಸ್ಟರ್ ನೋಡಿ..."

"ನಮ್ ಕಾರ್ಖಾನೇಲೂ ಹಿಂಗೇ ಅಂತಿದ್ರು. ಎರಕ ಒಡೆದುಹೋದ್ರೆ 'ವ್ಯತ್ಯಾಸ ಆಗಿದೆ' ಅಂತ. ಯಾರ ಶಿಫ್ಟಲ್ಲಿ ಅಂತ ಕೇಳಿದ್ರೆ ಯಾರೂ ಇರ್ತಿರ್ಲಿಲ್ಲ. ಮೊದ್ಲು ಅದು ಹೇಳಿ. ಇದು ಯಾರ ಶಿಫ್ಟು? ಏನು ತಪ್ಪಾಯ್ತು? ಬಾಣಂತಿಗೆ ಸುಮ್‌ಸುಮ್ನೆ ಸೂಜಿ ಚುಚ್ಚೋಕೆ ನಾನು ಬಿಡಲ್ಲ."

ಒಂದು ಅಕ್ಷರ ಜಾಸ್ತಿ ಬೇಡ ಎಂದಿದ್ದರು ಏಜೆಂಟರು. ಅವರ ಮಾತು, ಪಾಲಿಸಿಯ ಪುಟ, ನಮ್ಮ ಮನೆ ಎಲ್ಲವೂ ಆ ಕ್ಷಣ ಕಣ್ಣ ಮುಂದೆ ಬಂದವು. ಭಯವಾಯಿತು. ಆದರೆ ಈ ಮನುಷ್ಯ ಕೇಳಿದ್ದರಲ್ಲಿ ಏನು ತಪ್ಪಿತ್ತು? ನನ್ನ ಮಗಳ ವಿಷಯವಾಗಿದ್ದರೆ ನಾನು ಇನ್ನೂ ಜೋರಾಗಿ ಕೇಳುತ್ತಿದ್ದೆ.

"ನನ್ನ ಶಿಫ್ಟು," ಎಂದೆ. "ಲ್ಯಾಬಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವಳು ನಾನು. ನಿಮ್ಮ ಟೋಕನ್ ಕೊಟ್ಟು ಮಗಳು ಅಂದ್ರೆ ಮೊದಲು ಬಂದವಳ ರಕ್ತದ ಗುಂಪನ್ನ ಎರಡನೆಯವಳಿಗೂ ಹಾಕೋ ಹಾಗೆ ಬರೆದಿದೀನಿ. ತಪ್ಪು ನಂದು. ಟೆಕ್ನಿಷಿಯನ್ನರದಲ್ಲ."

ಅವರು ತಕ್ಷಣ ತಲೆಯೆತ್ತಿದರು. "ಅಂದ್ರೆ ದೊಡ್ಡವಳ್ದು ಇವ್ಳಿಗೆ ಬಂದಿದ್ಯಾ? ದೊಡ್ಡವಳು ಬಿ ಪಾಸಿಟಿವೇ. ಅವಳ ಬಾಣಂತನದಲ್ಲಿ ನಾನೇ ಕಾಗದ ಇಟ್ಕೊಂಡಿದ್ದೆ." ನಂತರ ಬೇರೇನನ್ನೂ ಕೇಳಲಿಲ್ಲ. ಫ್ಲಾಸ್ಕು ಎತ್ತಿಕೊಂಡು "ನಡೀರಿ, ಬಸ್ಸಿದೆ" ಎಂದರು.

ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ತಕರಾರು. ಹೆರಿಗೆ ಸಲೀಸಾಗಿದ್ದರಿಂದ ರಕ್ತ ಏರಿಸುವ ಪ್ರಮೇಯ ಬಂದಿರಲಿಲ್ಲ, ವರದಿ ನಂಬಿ ಕೇಸ್ ಹಾಳೆಯಲ್ಲಿ ಪಾಸಿಟಿವ್ ಎಂದು ಬರೆದುಕೊಂಡಿದ್ದರು. ಕೌಂಟರಿನ ನರ್ಸು ಹೊಸ ಕಾಗದವನ್ನು ಮುಟ್ಟಲೂ ಇಲ್ಲ. ನಾನು ದನಿ ಎತ್ತುವ ಮೊದಲೇ ಹುಡುಗಿಯ ತಂದೆ ಮುಂದೆ ಬಂದರು. "ಸಿಸ್ಟರೇ, ತಪ್ಪು ಮಾಡಿದೋರೇ ಬಂದು ತಪ್ಪು ಅಂತಿದಾರೆ. ಇನ್ನೇನ್ ಬೇಕು ನಿಮಗೆ? ಡಾಕ್ಟರಮ್ಮನ್ನ ಕರೀರಿ." ಡಾಕ್ಟರು ಬಂದು ಎರಡೂ ಹಾಳೆ ನೋಡಿ, ತಾಯಿಯದೂ ಮಗುವಿನದೂ ರಕ್ತ ತೆಗೆಸಿದರು. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು. ತಾಯಿ ಒ ನೆಗೆಟಿವ್, ಮಗು ಪಾಸಿಟಿವ್. ಇಂಜೆಕ್ಷನ್ ಅವರ ಫ್ರಿಜ್ಜಿನಲ್ಲೇ ಇತ್ತು. ಸಂಜೆ ಏಳೂವರೆಗೆ ಕೊಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡೆ. ಅಲ್ಲಿಂದ ವಿದ್ಯಾನಗರಕ್ಕೆ ನಡೆದೇ ಹೋದೆ.

ಮರುದಿನ ವಿಮಾ ಕಂಪನಿಗೆ ಪತ್ರ ಬರೆದೆ. ಪ್ರೋಗ್ರಾಮಿನ ಯಾವ ಸಾಲಿನಲ್ಲಿ ದೋಷ, ಯಾರಿಗೆ ಯಾವ ವರದಿ ಹೋಗಿತ್ತು, ಯಾವಾಗ ತಿದ್ದಿದೆವು, ಜನ್ನಾಪುರದ ಜಗಲಿಯಲ್ಲಿ ನಾನು ಏನು ಹೇಳಿದೆ, ಎಲ್ಲ. ಕಳಿಸುವ ಮೊದಲು ಏಜೆಂಟರಿಗೆ ಓದಲು ಕೊಟ್ಟೆ. ಅವರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು.

"ಇದೇನಮ್ಮಾ ಇದು! ಪೊಲೀಸ್ ಸ್ಟೇಷನ್ನಲ್ಲೂ ಯಾರೂ ಇಷ್ಟು ಚೆನ್ನಾಗಿ ಒಪ್ಕೊಂಡಿರಲ್ಲ."

"ಕೇಳಿದ್ರು, ಹೇಳಿದೆ. ಹೇಳದೇ ಇದ್ದಿದ್ರೆ ಇಂಜೆಕ್ಷನ್ ಬೀಳ್ತಿರ್ಲಿಲ್ಲ. ಆಗ ನಿಮ್ಮ ಕಂಪನಿಗೆ ಖುಷಿ ಆಗ್ತಿತ್ತಾ?"

ಕಂಪನಿಯ ಉತ್ತರ ಬಂತು. ಸಂಗತಿಯನ್ನು ದಾಖಲಿಸಿಕೊಂಡಿದ್ದೇವೆ, ಮುಂದೆ ಯಾರಾದರೂ ಪರಿಹಾರ ಕೇಳಿದರೆ, ನೀವು ಷರತ್ತು ಮುರಿದಿರುವ ಕಾರಣ ಒಪ್ಪುವ ಅಥವಾ ನಿರಾಕರಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ. ಅಂದರೆ ಇದ್ದೂ ಇಲ್ಲದ ವಿಮೆ. ಏಜೆಂಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಈ ಥರದ ಪಾಲಿಸಿಯಲ್ಲಿ ತಪ್ಪು ಮಾಡಿದ ಮೇಲೆ ಕಂತು ನಿಲ್ಲಿಸುವ ಹಾಗಿಲ್ಲ. ದೂರು ಬರುವ ದಿನ ಪಾಲಿಸಿ ಜೀವಂತ ಇರಬೇಕು.

"ಯಾವಾಗ ಮುಗಿಯುತ್ತೆ ಹಾಗಾದ್ರೆ?"

"ಇಂಜೆಕ್ಷನ್ ಕೆಲಸ ಮಾಡಿದ್ಯೋ ಇಲ್ವೋ ಅಂತ ಗೊತ್ತಾಗೋದು ಆ ಹುಡುಗಿ ಮತ್ತೆ ಬಸುರಿ ಆದಾಗ. ಅಲ್ಲಿವರೆಗೂ ಕಾಯ್ಬೇಕು ಕಣಮ್ಮಾ. ಅವರ ಮನೆಯೋರಿಗಿಂತ ಜಾಸ್ತಿ ನೀನು ಹರಕೆ ಹೊತ್ಕೊ."

ಕಾಯುವುದು ಕಾದೆ, ಆದರೆ ಕೈಕಟ್ಟಿ ಕೂರಲಿಲ್ಲ. ಆ ವಾರವೇ ಪ್ರೋಗ್ರಾಂ ಬದಲಿಸಿದೆ. ಪ್ರತಿಯೊಬ್ಬರಿಗೂ ಅವರದೇ ಒಂದು ನಂಬರು, ಅದನ್ನು ಬರೆದ ಒಂದು ಕಾರ್ಡು. ರಕ್ತದ ಗುಂಪನ್ನು ಅಂದಂದಿನ ರಿಜಿಸ್ಟರ್ ನೋಡಿ ಎರಡು ಸಲ ಟೈಪ್ ಮಾಡಬೇಕು, ಎರಡೂ ಹೊಂದದಿದ್ದರೆ ವರದಿ ಮುದ್ರಣವಾಗುವುದಿಲ್ಲ. ಅಗ್ರಿಮೆಂಟನ್ನೂ ಹೊಸದಾಗಿ ಬರೆದೆ. ನನ್ನ ಹೊಣೆ ಎಲ್ಲಿಯವರೆಗೆ, ಸಹಿ ಹಾಕುವವರು ಏನನ್ನು ನೋಡಿ ಹಾಕಬೇಕು ಎಂದು ಎರಡೇ ಪುಟದಲ್ಲಿ. ಲ್ಯಾಬಿನ ಮಾಲೀಕರು ಗೊಣಗುತ್ತಲೇ ಒಪ್ಪಿದರು. ಆಮೇಲೆ ಬಂದ ಯಾವ ಗಿರಾಕಿಯೊಂದಿಗೂ ನಾನು ಆ ಎರಡು ಪುಟವಿಲ್ಲದೆ ಕೆಲಸ ಹಿಡಿಯಲಿಲ್ಲ. ಇಬ್ಬರು ಬಿಟ್ಟು ಹೋದರು. ಹೋಗಲಿ ಎಂದೆ.

ಎರಡು ವರ್ಷ ಕಳೆದು ಮತ್ತೆ ಕೆಲವು ತಿಂಗಳಾಗಿತ್ತು. ಹೊಸ ಪ್ರಿಂಟರ್ ಜೋಡಿಸಲು ಓಲ್ಡ್ ಟೌನಿನ ಲ್ಯಾಬಿಗೆ ಹೋಗಿದ್ದೆ. ಮೇಜಿನ ಕೆಳಗೆ ತೂರಿ ವೈರು ಎಳೆಯುತ್ತಿದ್ದಾಗ ಕೌಂಟರಿನಲ್ಲಿ ಒಬ್ಬ ಹೆಂಗಸು ಟೋಕನ್ ನಂಬರು ಹೇಳುವುದು ಕೇಳಿಸಿತು. ಆ ನಂಬರು ನನಗೆ ಬಾಯಿಪಾಠ.

"ಅದು ನಿಮ್ಮಪ್ಪಂದಮ್ಮಾ. ನಿಂದು ಹೇಳು," ಎಂದಳು ಟೆಕ್ನಿಷಿಯನ್.

ಅವಳು ನಕ್ಕು, ಪರ್ಸಿನಿಂದ ಕಾರ್ಡು ತೆಗೆದಳು. ಮೂರು ತಿಂಗಳ ಬಸುರಿ. ಪ್ರತಿಕಾಯ ಇದೆಯೇ ಎಂದು ಪರೀಕ್ಷಿಸಲು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅವಳ ಸೆರಗು ಹಿಡಿದುಕೊಂಡು ಒಬ್ಬ ಪುಟ್ಟ ಪೋರ ಬಿಸ್ಕತ್ತು ತಿನ್ನುತ್ತಿದ್ದ. ನಾನು ಮೇಜಿನ ಕೆಳಗಿನಿಂದ ಹೊರಬಂದೆ. ಅಂದು ನರ್ಸಿಂಗ್ ಹೋಮಿನಲ್ಲಿ ನೋಡಿದ್ದವಳು, ಗುರುತು ಹಿಡಿದಳು.

"ಶಿಫ್ಟ್ ಮೇಡಂ ಅಲ್ವಾ ನೀವು? ಅಪ್ಪ ಮನೇಲಿ ಹಂಗೇ ಅನ್ನೋದು."

ಪರೀಕ್ಷೆಗೆ ಒಂದು ಗಂಟೆಗೂ ಹೆಚ್ಚು ಬೇಕು. ಪ್ರಿಂಟರ್ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು, ಆದರೂ ನಾನು ಎದ್ದು ಹೋಗಲಿಲ್ಲ. ಸುಮ್ಮನೆ ಅದೇ ಪ್ರಿಂಟರನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. ಕಡೆಗೆ ಟೆಕ್ನಿಷಿಯನ್ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದಳು, ಅಲ್ಲಾಡಿಸಿದಳು, ಸೂಕ್ಷ್ಮದರ್ಶಕದಲ್ಲೂ ನೋಡಿದಳು. ರಿಜಿಸ್ಟರಿನಲ್ಲಿ ಬರೆದಳು. ಆಮೇಲೆ ನನ್ನ ಕಡೆ ತಿರುಗಿ, "ಏನೂ ಇಲ್ಲ ಮೇಡಂ. ಕ್ಲೀನ್," ಎಂದಳು.

ಹೊಸ ಪ್ರಿಂಟರಿನಿಂದ ಬಂದ ಮೊದಲ ವರದಿ ಅದು. ಮಾಲೀಕರು ರಿಜಿಸ್ಟರ್ ತರಿಸಿ, ಸಾಲಿನ ಮೇಲೆ ಬೆರಳಿಟ್ಟು ನೋಡಿ ಸಹಿ ಹಾಕಿದರು. ನಾನು ಹೊರಗೆ ಬಂದು ಎದುರಿನ ಬೂತಿನಿಂದ ಏಜೆಂಟರಿಗೆ ಫೋನು ಮಾಡಿದೆ.

"ಮುಗೀತು," ಎಂದೆ. "ಜನ್ನಾಪುರದ್ದು. ಟೆಸ್ಟ್ ಕ್ಲೀನ್ ಬಂತು."

"ಹೌದಾ! ಅಬ್ಬಾ, ಬದುಕಿದೆ ನೋಡು. ಹಂಗಾದ್ರೆ ಈ ಸಲ ಪಾಲಿಸಿ ರಿನ್ಯೂ ಮಾಡೋದು ಬೇಡ್ವಾ?"

"ಮಾಡಿ ಮಾರಾಯ್ರೇ," ಎಂದೆ. "ನಾನಿನ್ನೂ ಪ್ರೋಗ್ರಾಂ ಬರೀತಾ ಇದೀನಲ್ಲ."